ಒಂಬತ್ತು ವರ್ಷದಿಂದ ಮಾತು ಬಿಟ್ಟ ಅಣ್ಣನಿಗೆ ಕ್ರಿಸ್‌ಮಸ್ ಕರಚಿಕಾಯಿ ಕಳಿಸಬೇಕಾ?

ನವನಗರದ ತಂಗಿ, ಬಾಗಲಕೋಟೆ (ಡಿಸೆಂಬರ್ 16):
ಎಲ್ಲರಿಗೂ ನಮಸ್ಕಾರ. ಇದು ಮನೆಯ ವಿಷಯ. ಆದರೆ ಮನೆಯಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟು ಕೇಳೋಕಾಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಅಪ್ಪನ ಹೆಸರಿಗೆ ಪರಿಹಾರ ಬಂತು, ನವನಗರದಲ್ಲಿ ಜಾಗವೂ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಆ ಜಾಗ ಮಾರಿದ. ನನಗೆ ಗೊತ್ತಾಗಿದ್ದು ಹೊರಗಿನವರಿಂದ. ಕೇಳೋಕೆ ಹೋದರೆ "ಕೊಟ್ಟ ಹೆಣ್ಣಿಗೆ ಇಲ್ಲೇನ್ ಕೆಲಸ" ಎಂದ. ಅವತ್ತಿಂದ ಮಾತಿಲ್ಲ. ಅವನ ಮನೆ ನಮ್ಮ ಮನೆಯಿಂದ ಮೂರು ಸೆಕ್ಟರ್ ಆಚೆ. ಅವ್ವ ಅವನ ಹತ್ತಿರವೇ ಇದ್ದಾಳೆ. ಚರ್ಚಿನಲ್ಲಿ ಅವನು ಒಂದು ಬಾಗಿಲಿಂದ ಬಂದರೆ ನಾನು ಇನ್ನೊಂದು ಬಾಗಿಲಿಂದ ಹೋಗುತ್ತೇನೆ.

ಈ ಭಾನುವಾರ ಪಾಸ್ಟರು ಬೈಬಲ್‌ನ ಮತ್ತಾಯ 5ನೇ ಅಧ್ಯಾಯ ಓದಿದರು. ಕಾಣಿಕೆ ಕೊಡೋಕೆ ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು ಅಂತ. ಚಿಕ್ಕಂದಿನಿಂದ ಕೇಳಿದ ಮಾತೇ. ಈ ಸಲ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಆದರೆ ಅವನು ಒಂದು ಸಲವೂ ತಪ್ಪಾಯ್ತು ಅಂದಿಲ್ಲ. ಕ್ಷಮೆ ಕೇಳದೇ ಇರುವವರನ್ನು ಕ್ಷಮಿಸೋದು ಹೇಗೆ? ಇವತ್ತು ಕರಚಿಕಾಯಿಗೆ ಕೊಬ್ಬರಿ ತುರಿದಿಟ್ಟಿದ್ದೇನೆ. ಒಂದು ಡಬ್ಬಿ ಅವನ ಮನೆಗೆ ಕಳಿಸಲಾ, ಬೇಡವಾ?

ಗೋಕಾಕ ಕರದಂಟು:
ಕಳಿಸಿ ಅಕ್ಕಾ. ಅವ್ವನ ಮುಖ ನೋಡಿ ಕಳಿಸಿ.

ಜಮಖಂಡಿ ವಕೀಲ:
ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಮೊದಲು ಆ ವಚನವನ್ನು ಸರಿಯಾಗಿ ಓದಿ. "ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ" ಅಂತಿದೆ. ತಪ್ಪು ಮಾಡಿದವನು ಎದ್ದು ಹೋಗಬೇಕು ಅಂತ ಅದರ ಅರ್ಥ. ಅದು ನಿಮಗಲ್ಲ, ನಿಮ್ಮ ಅಣ್ಣನಿಗೆ ಹೇಳಿದ ಮಾತು.

ಎರಡನೆಯದು, ಕೊಟ್ಟ ಹೆಣ್ಣಿಗೆ ಪಾಲಿಲ್ಲ ಅನ್ನೋದು ಸುಳ್ಳು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ಮೃತ್ಯುಪತ್ರ ಬರೆದಿಡದೆ ತೀರಿಕೊಂಡರೆ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ನಿಮ್ಮ ತಾಯಿಗೆ. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಅನ್ನದೆ ಸಮಸಮ. ಮದುವೆಯಾಗಿದ್ದರೂ ಅಷ್ಟೇ. ಕ್ಷಮೆ ಕ್ಷಮೆ ಅಂತ ಹೆಣ್ಣುಮಕ್ಕಳ ಕೈಯಲ್ಲಿ ಸಹಿ ಹಾಕಿಸಿಕೊಂಡ ಅಣ್ಣಂದಿರನ್ನು ನಾನು ಬಹಳ ನೋಡಿದ್ದೇನೆ.

ನವನಗರದ ತಂಗಿ:
ವಕೀಲರೇ, ದುಡ್ಡು ಬೇಡ ಅಂತ ನಾನು ಹೇಳಲ್ಲ. ನಮಗೂ ಕಷ್ಟ ಇದೆ. ಆದರೆ ರಾತ್ರಿ ನಿದ್ದೆ ಕೆಡಿಸೋದು ದುಡ್ಡಲ್ಲ, "ಕೊಟ್ಟ ಹೆಣ್ಣು" ಅಂದ ಆ ಮಾತು. ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಮತ್ತೆ ಕಿವಿಯಲ್ಲಿ ಕೇಳುತ್ತದೆ.

ಗುಳೇದಗುಡ್ಡ ಮಾಸ್ತರ್:
ತಂಗೀ, ವಕೀಲರು ವಚನದ ವಿಷಯದಲ್ಲಿ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅದರ ಜೊತೆ ಮಾರ್ಕ 11:25 ಕೂಡ ಓದಬೇಕು. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ನಿನಗೆ ಏನಾದರೂ ಇದ್ದರೆ ಕ್ಷಮಿಸಿಬಿಡು ಅಂತ ಅಲ್ಲಿದೆ. ಯೇಸು ತಪ್ಪು ಮಾಡಿದವನಿಗೂ ನಡಿ ಅಂತಾನೆ, ನೋವು ತಿಂದವನಿಗೂ ನಡಿ ಅಂತಾನೆ. ಇಬ್ಬರೂ ಹೊರಟರೆ ದಾರಿಯಲ್ಲೇ ಭೇಟಿಯಾಗುತ್ತಾರೆ. ಒಬ್ಬರೇ ಹೊರಟರೆ ಪೂರ್ತಿ ದಾರಿ ನಡೆಯಬೇಕು, ಅದು ಸಂಕಟದ ಕೆಲಸ.

ಕ್ರಿಸ್‌ಮಸ್ ಕಥೆಯಲ್ಲಿ ಎಲ್ಲರೂ ಮರಿಯಳನ್ನು ನೋಡುತ್ತಾರೆ, ಕುರುಬರನ್ನು ನೋಡುತ್ತಾರೆ. ಯೋಸೇಫನ ಹತ್ತಿರ ಯಾರೂ ನಿಲ್ಲೋದಿಲ್ಲ. ನಿಶ್ಚಯವಾದ ಹುಡುಗಿ ಗರ್ಭಿಣಿ. ಮಗು ತನ್ನದಲ್ಲ ಅಂತ ಅವನಿಗೆ ಗೊತ್ತು. ದೇವದೂತ ಇನ್ನೂ ಬಂದಿಲ್ಲ. ಊರವರ ಮುಂದೆ ನಿಲ್ಲಿಸಿ ಅವಳ ಮಾನ ಕಳೆಯೋಕೆ ಅವನಿಗೆ ಹಕ್ಕಿತ್ತು. ಮತ್ತಾಯ 1:19 ನೋಡಿ. ಅವಳಿಗೆ ಅವಮಾನ ಆಗೋದು ಬೇಡ, ಗುಟ್ಟಾಗಿ ಬಿಟ್ಟುಬಿಡೋಣ ಅಂತ ಯೋಚಿಸಿದ. ಅವನನ್ನು ನೀತಿವಂತ ಅಂತ ಕರೆದಿರೋದು ಇದೇ ವಚನದಲ್ಲಿ! ಕನಸು ಬಿದ್ದದ್ದು ಆಮೇಲೆ. ಮಗುವಿನ ಹೆಸರು ಸಿಕ್ಕಿದ್ದು ಆ ಕನಸಿನಲ್ಲಿ. ಯೇಸು, ಅಂದರೆ ತನ್ನ ಜನರನ್ನು ಪಾಪಗಳಿಂದ ಬಿಡಿಸುವವನು. ಕ್ಷಮೆ ಅನ್ನೋದು ಆ ಹೆಸರಿನ ಒಳಗೇ ಇದೆ. ಮಗು ಹುಟ್ಟೋಕೆ ಮುಂಚೆಯೇ ಆ ಮನೆಯಲ್ಲಿ ಒಬ್ಬ ಮನುಷ್ಯ ಕೈ ಸಡಿಲ ಬಿಟ್ಟಿದ್ದ. ನಾನು ಮೂವತ್ತು ವರ್ಷ ಸಂಡೇ ಸ್ಕೂಲ್ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ.

ಚಿಕ್ಕೋಡಿ ಎಕ್ಸ್‌ಪ್ರೆಸ್:
ಮಾಸ್ತರ್, ಹೋಲಿಕೆ ಸರಿ ಹೊಂದೋದಿಲ್ಲ. ಮರಿಯಮ್ಮ ತಪ್ಪೇ ಮಾಡಿರಲಿಲ್ಲ. ಇಲ್ಲಿ ಅಣ್ಣ ತಪ್ಪು ಮಾಡಿದ್ದಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಹೇಗೆ?

ಗುಳೇದಗುಡ್ಡ ಮಾಸ್ತರ್:
ಒಪ್ಪಿದೆ. ಅವಳು ತಪ್ಪು ಮಾಡಿರಲಿಲ್ಲ. ಆದರೆ ಯೋಸೇಫನಿಗೆ ಅದು ಆಗ ಗೊತ್ತಿರಲಿಲ್ಲ ಅಲ್ವಾ? ನಾನು ಹೇಳಿದ್ದು ಅವನ ಮನಸ್ಸಿನ ಬಗ್ಗೆ.

ಚಿಕ್ಕೋಡಿ ಎಕ್ಸ್‌ಪ್ರೆಸ್:
ಇನ್ನೊಂದು. ಡಿಸೆಂಬರ್ 25 ಅಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಕೂಸು ಯೇಸುವನ್ನು ನೋಡೋಕೆ ಬಂದವರು ಮೂವರು ಜ್ಞಾನಿಗಳು ಅಂತಲೂ ಇಲ್ಲ, ಮೂರು ಕಾಣಿಕೆ ಅಂತ ಮಾತ್ರ ಇದೆ. ತಾರೀಖೇ ಗೊತ್ತಿಲ್ಲದ ಮೇಲೆ ಆ ದಿನವೇ ಕ್ಷಮಿಸಬೇಕು ಅಂತ ಯಾಕೆ ಹಠ?

ಕ್ಯಾಂಪ್ ಹುಡುಗ, ಬೆಳಗಾವಿ:
ತಾರೀಖಿನ ಮಾತು ನಿಜ. ಡಿಸೆಂಬರ್ 25ರಂದು ಹಬ್ಬ ಆಚರಿಸಿದ ಹಳೆಯ ದಾಖಲೆ ರೋಮ್‌ನದು, 336ನೇ ಇಸವಿಯದು. ರಷ್ಯಾ ಕಡೆಯವರು ಈಗಲೂ ಜನವರಿ 7ಕ್ಕೆ ಮಾಡುತ್ತಾರೆ. ಆದರೆ ಹುಟ್ಟಿದ ದಿನ ಬರೆದಿಟ್ಟುಕೊಳ್ಳದ ಎಷ್ಟೋ ಅಜ್ಜಂದಿರು ನಮ್ಮಲ್ಲಿ ಇದ್ದಾರೆ. ಅವರ ಮೇಲಿನ ಪ್ರೀತಿಗೆ ತಾರೀಖು ಬೇಕಾ? ನಮಗೆ ಒಂದು ದಿನ ಗೊತ್ತು ಮಾಡಿಕೊಂಡರೆ ಮಾತ್ರ ಕಾಲು ಮುಂದೆ ಹೋಗೋದು. ಇಲ್ಲದಿದ್ದರೆ ನಾಳೆ, ನಾಡಿದ್ದು ಅಂತ ಒಂಬತ್ತು ವರ್ಷ ಆಗುತ್ತದೆ.

ಬಿಜಾಪುರದ ಬಿಳಿಜೋಳ:
ನಾನು ಕ್ರೈಸ್ತಳಲ್ಲ, ಲಿಂಗಾಯತರ ಮನೆಯವಳು. ಆದರೂ ಈ ಮಾತು ನಮಗೇನು ಹೊಸದಲ್ಲ. ದಸರಾದಲ್ಲಿ ಬನ್ನಿ ಕೊಡ್ತೀವಲ್ಲ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅಂತ. ನಮ್ಮ ಕಾಕಾ ಮತ್ತು ಅಪ್ಪ ಬಾವಿ ನೀರಿನ ಪಾಳಿಗೆ ಜಗಳ ಆಡಿ ಮಾತು ಬಿಟ್ಟಿದ್ದರು. ಒಂದು ದಸರಾಕ್ಕೆ ಕಾಕಾ ಬನ್ನಿ ಎಲೆ ಹಿಡಿದು ಬಾಗಿಲಲ್ಲಿ ಬಂದು ನಿಂತರು. ಬಾಯಲ್ಲಿ ಒಂದು ಮಾತಿಲ್ಲ. ಅಪ್ಪ ಎಲೆ ತಗೊಂಡು ಕಾಲು ಮುಟ್ಟಿದರು. ಮುಗೀತು. ಕ್ಷಮಿಸು ಅನ್ನೋ ಶಬ್ದವೇ ಬರಲಿಲ್ಲ. ನಿಮ್ಮ ಕರಚಿಕಾಯಿ ಡಬ್ಬಿ ನಿಮ್ಮ ಬನ್ನಿ ಎಲೆ ಅಂತ ತಿಳಿದುಕೊಳ್ಳಿ ಅಕ್ಕಾ.

ನವನಗರದ ತಂಗಿ:
ಎಷ್ಟು ಚೆನ್ನಾಗಿ ಹೇಳಿದಿರಿ. ಆದರೆ ನಿಮ್ಮ ಕಾಕಾ ತಾವೇ ಬಂದರು. ನಮ್ಮವನು ಬರಲ್ಲ.

ಬಿಜಾಪುರದ ಬಿಳಿಜೋಳ:
ಜಗಳದಲ್ಲಿ ತಪ್ಪು ಅಪ್ಪನದಿತ್ತು ಅಕ್ಕಾ. ಅದಕ್ಕೇ ಈ ಕಥೆ ನಿಮಗೆ ಹೇಳಿದೆ.

ತಾಜ್ ಬಾವಡಿ ಓಣಿ, ವಿಜಯಪುರ:
ಕುರಾನ್‌ನಲ್ಲಿ ಮರ್ಯಮ್, ಅಂದರೆ ನಿಮ್ಮ ಮರಿಯಮ್ಮನ ಹೆಸರಿನ ಅಧ್ಯಾಯವೇ ಇದೆ, 19ನೆಯದು. ಅಲ್ಲಿ ಹೆರಿಗೆ ನೋವು ಬಂದಾಗ ಆಕೆ ಖರ್ಜೂರದ ಮರದ ಬುಡದಲ್ಲಿ ಒಬ್ಬಳೇ. ಜನ ಏನಂತಾರೋ ಅನ್ನೋ ಭಯ ಬೇರೆ. ರಂಜಾನ್ ಹಬ್ಬದ ದಿನ ನಮ್ಮಲ್ಲೂ ಮಾತು ಬಿಟ್ಟವರನ್ನು ಹುಡುಕಿಕೊಂಡು ಹೋಗಿ ಅಪ್ಪಿಕೊಳ್ಳುತ್ತಾರೆ. ಕಳಿಸಿ ಅಕ್ಕಾ.

ನೈಟ್ ಡ್ಯೂಟಿ ನರ್ಸ್, ಬೆಳಗಾವಿ:
ಎಲ್ಲರೂ ಕಳಿಸಿ ಕಳಿಸಿ ಅಂತಿದ್ದೀರಿ. ಒಂದು ನಿಮಿಷ ನಿಲ್ಲಿ.

ನಾನು ನರ್ಸ್. ಮೈಮೇಲೆ ಬಾಸುಂಡೆ ಎದ್ದ ಹೆಣ್ಣುಮಕ್ಕಳು ಬರುತ್ತಾರೆ. ಮೆಟ್ಟಿಲಿಂದ ಬಿದ್ದೆ ಅಂತಾರೆ. ಜೊತೆಗೆ ಬಂದವರು "ಹಬ್ಬ ಹತ್ತಿರ ಬಂತು, ಕ್ಷಮಿಸಿ ಮನೆಗೆ ನಡಿ" ಅಂತಾರೆ. ಅದನ್ನು ಕೇಳಿದಾಗ ನನ್ನ ಕೈ ನಡುಗುತ್ತದೆ. ನಾನು ದಿನಾ ಜಪಮಾಲೆ ಹಿಡಿಯುವವಳು, ಕ್ಷಮೆಯನ್ನು ನಂಬುವವಳು. ಆದರೆ ಹೊಡೆಯುವ ಕೈಯ ಕೆಳಗೆ ಮತ್ತೆ ಹೋಗಿ ಕೂರು ಅನ್ನೋದಕ್ಕೆ ಕ್ಷಮೆ ಅಂತ ಹೆಸರಿಡಬೇಡಿ. ಮನಸ್ಸಿನ ಗಂಟು ಬಿಚ್ಚೋದು ಬೇರೆ, ಅದೇ ಮನೆಗೆ ವಾಪಸ್ ಹೋಗೋದು ಬೇರೆ.

ಒಡಿಶಾದಲ್ಲಿ 1999ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟರು. ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು. ಕುಷ್ಠರೋಗಿಗಳ ಸೇವೆ ಬಿಡಲಿಲ್ಲ. ಹಾಗಂತ ಕೇಸು ನಿಲ್ಲಲಿಲ್ಲ, ಶಿಕ್ಷೆ ಆಯಿತು. ಆ ತಾಯಿಯ ಕ್ಷಮೆಗೆ ಅದರಿಂದ ಏನೂ ಕಡಿಮೆ ಆಗಲಿಲ್ಲ. ನಿಮ್ಮ ಪಾಲು ಕೇಳಿದರೆ ನಿಮ್ಮ ಕ್ಷಮೆ ಸುಳ್ಳಾಗಲ್ಲ ತಂಗೀ.

ಜಮಖಂಡಿ ವಕೀಲ:
ಸಿಸ್ಟರ್, ನಾನು ಹೇಳಬೇಕೆಂದಿದ್ದೂ ಇದೇ. ನಿಮ್ಮ ಹಾಗೆ ಹೇಳೋಕೆ ಬರಲಿಲ್ಲ.

ಗುಳೇದಗುಡ್ಡ ಮಾಸ್ತರ್:
ಸಿಸ್ಟರ್ ಮಾತು ನೂರಕ್ಕೆ ನೂರು ಸರಿ. ನಾನೇ ಮೊದಲು ಹೇಳಬೇಕಿತ್ತು.

ಯೇಸುವಿನ ಶಿಷ್ಯ ಪೇತ್ರನೂ ನಮ್ಮ ಹಾಗೇ ಲೆಕ್ಕ ಕೇಳಿದ್ದ. ಎಷ್ಟು ಸಲ ಕ್ಷಮಿಸಲಿ, ಏಳು ಸಲವಾ? ಯೇಸು ಏಳೆಪ್ಪತ್ತು ಅಂದು ಒಂದು ಕಥೆ ಹೇಳಿದ. ಒಬ್ಬ ಆಳು ರಾಜನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ 6,000 ದಿನದ ಕೂಲಿ. ಒಟ್ಟು 6 ಕೋಟಿ ದಿನದ ಕೂಲಿ! ಎಷ್ಟು ಜನ್ಮ ದುಡಿದರೂ ತೀರದ ಸಾಲ. ರಾಜ ಬಿಟ್ಟುಕೊಟ್ಟ. ಅದೇ ಆಳು ಹೊರಗೆ ಬಂದು, 100 ದಿನದ ಕೂಲಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ.

ಜಮಖಂಡಿ ವಕೀಲ:
100 ದಿನದ ಕೂಲಿ ಸಣ್ಣದೇನಲ್ಲ ಮಾಸ್ತರ್. ಮೂರು ತಿಂಗಳ ಊಟ.

ಗುಳೇದಗುಡ್ಡ ಮಾಸ್ತರ್:
ಅದೇ ಮುಖ್ಯ ವಕೀಲರೇ. ಸಾಲ ಸಣ್ಣದು ಅಂತ ಕಥೆಯಲ್ಲಿ ಎಲ್ಲೂ ಹೇಳಿಲ್ಲ. ತಂಗಿಯ ನೋವೂ ಸಣ್ಣದಲ್ಲ. ತನಗೆ ಬಿಟ್ಟುಕೊಟ್ಟದ್ದು ಎಷ್ಟು ಅಂತ ಆ ಆಳು ಮರೆತ, ಕುತ್ತಿಗೆಗೆ ಕೈ ಹೋಯಿತು. ಅದಕ್ಕೇ ಕೃತಜ್ಞತೆ ಮೊದಲು, ಕ್ಷಮೆ ಆಮೇಲೆ. ನಾನು ಯಾರಿಗಾದರೂ ಕ್ಷಮಿಸೋಕೆ ಆಗದೇ ಇದ್ದಾಗ, ನನ್ನನ್ನು ಯಾರು ಯಾರು ಸುಮ್ನೆ ಬಿಟ್ಟುಕೊಟ್ಟರು ಅಂತ ಒಂದು ಹಾಳೆಯಲ್ಲಿ ಬರೆಯುತ್ತೇನೆ. ಹಾಳೆ ಯಾವತ್ತೂ ಅರ್ಧಕ್ಕೆ ನಿಂತಿಲ್ಲ.

ಗೋಕಾಕ ಕರದಂಟು:
ನಮ್ಮ ಮಕ್ಕಳು ಕ್ರಿಸ್‌ಮಸ್‌ಗೆ ಗೋದಲಿ, ಯೇಸು ಹುಟ್ಟಿದ ಜಾಗದ ಮಾದರಿ, ಮಾಡುತ್ತಿದ್ದಾರೆ. ಸಣ್ಣವನು "ಗೋದಲಿ ಅಂದ್ರೇನಪ್ಪ" ಅಂತ ಕೇಳಿದ. ಥರ್ಮೋಕೋಲ್ ತೋರಿಸಿ ಇದೇ ಅಂದೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಬಿಜಾಪುರದ ಬಿಳಿಜೋಳ:
ಅಯ್ಯೋ, ನಮ್ಮ ಅಜ್ಜಿ ಮನೆಗೆ ಕರೆದುಕೊಂಡು ಬನ್ನಿ! ಬಸವನ ಬಾಗೇವಾಡಿ ಕಡೆ ಹಳ್ಳಿ. ತಲೆಬಾಗಿಲು ದಾಟಿದರೆ ಒಂದು ಪಕ್ಕ ದನ ಕಟ್ಟುವ ಜಾಗ. ಎರಡು ಕಲ್ಲಿನ ಮೆಟ್ಟಿಲು ಹತ್ತಿದರೆ ಪಡಸಾಲಿ, ಅಲ್ಲಿ ನಾವು ಮಲಗೋದು. ನಡುವೆ ಗ್ವಾದಲಿ, ದನಕ್ಕೆ ಮೇವು ಹಾಕುವ ತೊಟ್ಟಿ. ಅದರ ಅಂಚು ದನಗಳ ಕುತ್ತಿಗೆ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಹಾಗೆ ನುಣುಪು. ಚಳಿಗಾಲದಲ್ಲಿ ದನದ ಉಸಿರಿನ ಬಿಸಿ ಪಡಸಾಲಿವರೆಗೆ ಬರುತ್ತಿತ್ತು. ನನ್ನ ತಮ್ಮ ಕೂಸಿದ್ದಾಗ ಅವ್ವ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಕಣಕಿ ಮೇಲೆ ಕೌದಿ ಹಾಕಿ ಅವನನ್ನು ಗ್ವಾದಲಿಯಲ್ಲೇ ಮಲಗಿಸುತ್ತಿದ್ದಳು. ಉರುಳಿ ಬೀಳಲ್ಲ ಅಂತ.

ಕ್ಯಾಂಪ್ ಹುಡುಗ:
ನೀವು ಹೇಳಿದ ಮನೆಯೇ ಬೆತ್ಲೆಹೇಮಿನ ಮನೆ! ಆ ಕಾಲದಲ್ಲಿ ಆ ಕಡೆಯ ಬಡವರ ಮನೆಗಳೂ ಹೀಗೇ ಇದ್ದವು. ಕೆಳಗೆ ದನ, ಮೆಟ್ಟಿಲ ಮೇಲೆ ಜನ. ಛತ್ರದಲ್ಲಿ ಜಾಗ ಇರಲಿಲ್ಲ ಅಂತ ಬರುವಲ್ಲಿ ಲೂಕ ಬರೆದ ಗ್ರೀಕ್ ಪದ ಕಟಾಲುಮಾ. ಅದನ್ನು ಛತ್ರ ಅಂತ ಓದುತ್ತೇವೆ. ಆದರೆ ಕಡೆಯ ರಾತ್ರಿ ಯೇಸು ಶಿಷ್ಯರ ಜೊತೆ ಊಟ ಮಾಡಿದ ಕೋಣೆಗೂ ಲೂಕ ಅದೇ ಪದ ಬಳಸಿದ್ದಾನೆ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಬರುವ ಛತ್ರಕ್ಕೆ ಬೇರೆ ಪದ ಇದೆ. ಹಾಗಾಗಿ ಯೋಸೇಫನ ನೆಂಟರ ಮನೆಯಲ್ಲೇ ಅತಿಥಿ ಕೋಣೆ ತುಂಬಿತ್ತು, ದನ ಕಟ್ಟುವ ಕಡೆ ಜಾಗ ಮಾಡಿಕೊಟ್ಟರು ಅಂತ ಕೆಲವು ಪಂಡಿತರು ಹೇಳುತ್ತಾರೆ.

ಮನೆಮನೆಯಲ್ಲಿ ಗೋದಲಿ ಮಾಡುವ ರೂಢಿ ಬೆಳೆಯೋಕೆ ದೊಡ್ಡ ಕಾರಣ ಅಸ್ಸಿಸಿಯ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತಂದು ಮಾಡಿ ತೋರಿಸಿದ.

ಚಿಕ್ಕೋಡಿ ಎಕ್ಸ್‌ಪ್ರೆಸ್:
ಅಂದರೆ "ಜಾಗ ಇಲ್ಲ" ಅಂತ ಬಾಗಿಲು ಹಾಕಿದ ಛತ್ರದವನ ನಾಟಕ ನಾವು ಪ್ರತಿ ವರ್ಷ ಸುಮ್ನೆ ಆಡಿದೆವಾ? ನಾನು ನಾಲ್ಕು ವರ್ಷ ಆ ಪಾತ್ರ ಮಾಡಿದ್ದೇನೆ.

ನವನಗರದ ತಂಗಿ:
ನೆಂಟರ ಮನೆ ಅನ್ನೋ ಮಾತು ಮನಸ್ಸಿಗೆ ನಾಟಿತು. ತುಂಬಿದ ಮನೆಯಲ್ಲೂ ಯಾರೋ ಸ್ವಲ್ಪ ಸರಿದು ಜಾಗ ಮಾಡಿದರು.

ಅಥಣಿ ಬಸ್ ಸ್ಟ್ಯಾಂಡ್:
ಸ್ವಲ್ಪ ಬೇರೆ ವಿಷಯ. ಬೆಳಗಾವಿಯಲ್ಲಿ ಈ ಸಲ ಹಳೇ ವರ್ಷ ಅಂತ ಸುಡುವ ಓಲ್ಡ್ ಮ್ಯಾನ್ ಗೊಂಬೆ ಮಾರಾಟ ಶುರುವಾಯ್ತಾ? ಮಕ್ಕಳು 31ರ ರಾತ್ರಿ ಸುಡೋದು ನೋಡಬೇಕು ಅಂತ ಹಠ ಹಿಡಿದಿದ್ದಾರೆ.

ಕ್ಯಾಂಪ್ ಹುಡುಗ:
ಕ್ಯಾಂಪ್‌ನಲ್ಲಿ ನಿಲ್ಲಿಸಿದ್ದಾರೆ. ಆಳೆತ್ತರದವೂ ಇವೆ. ಕ್ರಿಸ್‌ಮಸ್ ಮುಗಿದ ಮೇಲೆ ಬನ್ನಿ, ಆಗ ಜಾಸ್ತಿ ಇರುತ್ತವೆ.

ಅಥಣಿ ಬಸ್ ಸ್ಟ್ಯಾಂಡ್:
ಕ್ರಿಸ್‌ಮಸ್‌ಗೆ ಕೇಕ್ ಅಲ್ವಾ? ಕರಚಿಕಾಯಿ ನಾಗರಪಂಚಮಿ, ದೀಪಾವಳಿ ತಿಂಡಿ.

ಗುಳೇದಗುಡ್ಡ ಮಾಸ್ತರ್:
ನಮ್ಮ ಊರಿಗೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಸಭೆಗೆ ಸೇರಿದ ನಮ್ಮ ಹಿರಿಯರು ಒಲೆ, ಬಾಣಲೆ ಬದಲಾಯಿಸಲಿಲ್ಲ. ಕರಚಿಕಾಯಿ, ಚಕ್ಕುಲಿ, ಶೇಂಗಾ ಹೋಳಿಗೆ ಎಲ್ಲಾ ಅವರ ಜೊತೆಗೇ ಬಂದವು. ನಮ್ಮ ಅಜ್ಜಿ ಕೇಕ್ ನೋಡದೆಯೇ ತೀರಿಕೊಂಡಳು, ಅವಳ ಕ್ರಿಸ್‌ಮಸ್‌ಗೆ ಏನೂ ಕೊರತೆ ಇರಲಿಲ್ಲ.

ಗೋಕಾಕ ಕರದಂಟು:
1914ರ ಯುದ್ಧದ ಕಥೆ ನೆನಪಾಯಿತು. ಕ್ರಿಸ್‌ಮಸ್ ರಾತ್ರಿ ಜರ್ಮನ್ ಸೈನಿಕರು, ಬ್ರಿಟಿಷ್ ಸೈನಿಕರು ಕಂದಕದಿಂದ ಮೇಲೆ ಬಂದು ಕೈ ಕುಲುಕಿದರು, ತಿಂಡಿ ಹಂಚಿಕೊಂಡರು.

ಚಿಕ್ಕೋಡಿ ಎಕ್ಸ್‌ಪ್ರೆಸ್:
ಆಮೇಲೆ ಮತ್ತೆ ಗುಂಡು ಹೊಡೆದರು. ಯುದ್ಧ 1918ರವರೆಗೆ ನಡೆಯಿತು. ಒಂದು ದಿನದ ಪ್ರೀತಿಯಿಂದ ಏನು ಬಂತು?

ನೈಟ್ ಡ್ಯೂಟಿ ನರ್ಸ್:
ಆ ಒಂದು ದಿನ ಸಾಯದೇ ಉಳಿದವರನ್ನು ಕೇಳಬೇಕು. ಒಂದು ರಾತ್ರಿ ನೋವು ಕಡಿಮೆ ಆದರೆ ಎಷ್ಟು ದೊಡ್ಡದು ಅಂತ ನಮ್ಮ ವಾರ್ಡಿನಲ್ಲಿ ಗೊತ್ತಾಗುತ್ತದೆ.

ಹೋದ ವರ್ಷ 24ರ ರಾತ್ರಿ ನನಗೆ ಡ್ಯೂಟಿ. ನಡುರಾತ್ರಿ ಬಲಿಪೂಜೆ ತಪ್ಪಿತು. ಒಳಗೊಳಗೇ ಅಳು. ಎರಡು ಗಂಟೆಗೆ ಒಬ್ಬ ರೋಗಿಯ ತಾಯಿ, ಸವದತ್ತಿ ಕಡೆಯ ಅಜ್ಜಿ, ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು "ನಿಮ್ ಹಬ್ಬ ಅಂತಲ್ಲವಾ, ತಿನ್ನು" ಅಂದಳು. ಆ ರೊಟ್ಟಿ ಮುರಿದಾಗ ಕಣ್ಣಲ್ಲಿ ನೀರು ಬಂತು. ಬಲಿಪೂಜೆಯಲ್ಲಿ ಕೊಡುವ ರೊಟ್ಟಿಗೆ, ಪರಮ ಪ್ರಸಾದಕ್ಕೆ, ಗ್ರೀಕಿನಲ್ಲಿರುವ ಹೆಸರಿಗೆ ಕೃತಜ್ಞತೆ ಅಂತಲೇ ಅರ್ಥ. ನನಗೆ ಅದು ತಿಳಿದದ್ದು ಆ ರಾತ್ರಿ.

ನಿರ್ವಾಹಕರು:
ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಓಲ್ಡ್ ಮ್ಯಾನ್ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ.

ನವನಗರದ ತಂಗಿ (ಡಿಸೆಂಬರ್ 26):
ಎಲ್ಲರಿಗೂ ಹೇಳಬೇಕು ಅನ್ನಿಸಿತು.

24ರ ಸಂಜೆ ನಾನೇ ಹೋದೆ. ಮಗನನ್ನು ಕಳಿಸೋಣ ಅಂದುಕೊಂಡಿದ್ದೆ, ಆಮೇಲೆ ಬೇಡ ಅನ್ನಿಸಿತು. ವೈನಿ ಬಾಗಿಲು ತೆಗೆದಳು. ಅಣ್ಣ ಒಳಗೇ ಇದ್ದ, ಟಿವಿ ಸದ್ದು ಕೇಳುತ್ತಿತ್ತು. ಹೊರಗೆ ಬರಲಿಲ್ಲ. ನಾನು "ಅವ್ವಗ ಕೊಡ್ರಿ ವೈನಿ" ಅಂತ ಡಬ್ಬಿ ಕೊಟ್ಟೆ. "ಅಣ್ಣಗೂ" ಅಂದೆ. ಆ ಒಂದು ಶಬ್ದ ಹೊರಗೆ ಬರೋಕೆ ಎಷ್ಟು ಕಷ್ಟವಾಯಿತು ಅಂದರೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ದಾರಿಯುದ್ದಕ್ಕೂ ಅತ್ತೆ. ಸಿಟ್ಟು ಪೂರ್ತಿ ಹೋಗಿದೆ ಅಂತ ಹೇಳಲ್ಲ. ಆದರೆ ರಾತ್ರಿ ಆ ಮಾತು ಕಿವಿಯಲ್ಲಿ ಕೇಳಲಿಲ್ಲ, ನಿದ್ದೆ ಬಂತು.

ನಿನ್ನೆ ಆರಾಧನೆಯಲ್ಲಿ ಅವನು ನನ್ನ ಕಡೆ ನೋಡಲಿಲ್ಲ. ಮಧ್ಯಾಹ್ನ ಅವನ ಮಗಳು ಸೈಕಲ್ ಮೇಲೆ ಡಬ್ಬಿ ವಾಪಸ್ ತಂದಳು. "ಅತ್ತೀ, ಖಾಲಿ ಡಬ್ಬಿ ಕೊಡಬಾರದಂತ" ಅಂದಳು. ಒಳಗೆ ಆರು ಕರಚಿಕಾಯಿ. ಅವ್ವ ಮಾಡಿದ್ದು. ಅವ್ವ ಅಂಚನ್ನು ಹೆಬ್ಬೆರಳ ಉಗುರಿನಿಂದ ಒಂದೊಂದೇ ಮಡಿಕೆ ಮಡಚುತ್ತಾಳೆ, ಜಡೆ ಹಾಕಿದ ಹಾಗೆ. ಈಗ ಅವಳ ಕೈ ನಡುಗುತ್ತದೆ. ಎರಡು ಕಡೆ ಮಡಿಕೆ ಬಿಟ್ಟು ಹೂರಣ ಹೊರಗೆ ಬಂದು ಎಣ್ಣೆಯಲ್ಲಿ ಕಪ್ಪಾಗಿತ್ತು. ಅವೆರಡನ್ನು ನಾನೇ ತಿಂದೆ.

ಬಿಜಾಪುರದ ಬಿಳಿಜೋಳ:
ಅಕ್ಕಾ, ಓದುತ್ತಾ ಓದುತ್ತಾ ಒಲೆ ಮೇಲಿನ ಹಾಲು ಉಕ್ಕಿತು.

ಗುಳೇದಗುಡ್ಡ ಮಾಸ್ತರ್:
ಡಬ್ಬಿ ಹಿಡಿದು ಬಂದ ಆ ಹುಡುಗಿಗೆ ನನ್ನ ಆಶೀರ್ವಾದ ಹೇಳಿ.

ಜಮಖಂಡಿ ವಕೀಲ:
ತಂಗೀ, ನನಗೂ ಸಂತೋಷವಾಯಿತು. ಆದರೂ ನನ್ನ ಮಾತು ಬಿಡಲ್ಲ. ಪರಿಹಾರದ ಕಾಗದ, ಹಕ್ಕುಪತ್ರದ ನಕಲು ಹುಡುಕಿ ಇಡಿ. ನಿಮ್ಮ ತಾಯಿಯ ಪಾಲೂ ಅದರಲ್ಲಿದೆ. ಜಗಳ ಬೇಡ ಅಂದರೆ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿ ಬಗೆಹರಿಸಿಕೊಳ್ಳಬಹುದು.

ನವನಗರದ ತಂಗಿ:
ಹುಡುಕುತ್ತೇನೆ ಸರ್. ಸಂಕ್ರಾಂತಿ ಕಳೆಯಲಿ. ಆವತ್ತು ಎಳ್ಳು ಬೆಲ್ಲದ ನೆಪದಲ್ಲಿ ಇನ್ನೊಂದು ಸಲ ಹೋಗಿ ಬರುತ್ತೇನೆ. ಅವನು ಹೊರಗೆ ಬಂದರೆ ನಾನೇ ಮಾತು ತೆಗೆಯುತ್ತೇನೆ.